ಕೀಲಿಕೈ ಯಾರಲ್ಲಿದೆ?

೨೦೨೫ರ ಜುಲೈ ತಿಂಗಳ ಕೊನೆಯಲ್ಲಿ ವೃತ್ತಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಪ್ರಕಟವಾದ ಒಂದು ವಾರ್ತೆ, ಸಾಹಿತ್ಯದ ಪುಟವನ್ನು ಅರಸಿಕೊಂಡು ಬರುವ ವಾಚಕರ ಕಣ್ಣಿಗೆ ಬಹುಶಃ ಬಿದ್ದಿರಲಾರದು. ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ ೨ ಕೋಟಿ ಟನ್ನುಗಳಷ್ಟು ಕಚ್ಚಾತೈಲವನ್ನು ಶುದ್ಧಿಮಾಡಬಲ್ಲ ನಯಾರಾ ಎನರ್ಜಿ ಎಂಬ ಸಂಸ್ಥೆಯ ನೌಕರರಿಗೆ ಅವರದೇ ಇ-ಮೇಲ್ ಪೆಟ್ಟಿಗೆಯ ಬಾಗಿಲು ಇದ್ದಕ್ಕಿದ್ದಂತೆ ಮುಚ್ಚಿಹೋಯಿತು. ಆ ಸಂಸ್ಥೆಯಲ್ಲಿ ರಷ್ಯದ ರಾಸ್‌ನೆಫ್ಟ್ ಕಂಪನಿಗೆ ನೂರಕ್ಕೆ ೪೯.೧೩ರಷ್ಟು ಪಾಲಿದೆ. ಯುರೋಪಿಯನ್ ಒಕ್ಕೂಟವು ಜುಲೈ ೧೮ರಂದು ಅದರ ಮೇಲೆ ನಿರ್ಬಂಧ ಹೂಡಿತು. ಕೆಲವೇ ದಿನಗಳಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ತನ್ನ ಸೇವೆಯನ್ನು ತಡೆಹಿಡಿಯಿತು. ಇಂತಹ ಏಕಪಕ್ಷೀಯ ನಿರ್ಬಂಧಗಳನ್ನು ತಾನು ಮಾನ್ಯಮಾಡುವುದಿಲ್ಲವೆಂದು ಭಾರತ ಸರ್ಕಾರ ಹೇಳಿತ್ತು. ಸೇವೆಗೆ ಹಣ ಸಂದಾಯವಾಗಿದೆಯೆಂದು ಸಂಸ್ಥೆ ವಾದಿಸಿತು. ಕಡೆಗೆ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ತಿಂಗಳು ಮುಗಿಯುವಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು.

ಎಣ್ಣೆಯ ಕಾರ್ಖಾನೆಯ ಗೊಡವೆ ಕನ್ನಡದ ಅಧ್ಯಾಪಕನಿಗೇಕೆ ಎಂದು ಯಾರಾದರೂ ಕೇಳಬಹುದು. ಕಾರಣ ಇಷ್ಟೇ: ಕಾರ್ಖಾನೆಗೆ ವಕೀಲರಿದ್ದರು, ನ್ಯಾಯಾಲಯಕ್ಕೆ ಹೋಗುವ ತ್ರಾಣವಿತ್ತು, ವಾರ್ತೆಯಾಗುವಷ್ಟು ತೂಕವಿತ್ತು. ಇವು ಯಾವುವೂ ಇಲ್ಲದ ನಾವು, ಎಂದರೆ ಓದುವವರು, ಬರೆಯುವವರು, ಪಾಠ ಹೇಳುವವರು, ನಮ್ಮ ಸಮಸ್ತ ಬರೆಹವನ್ನೂ ಅದೇ ಬಗೆಯ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದೇವೆ. ಪೆಟ್ಟಿಗೆ ನಮ್ಮದೆಂದು ನಂಬಿದ್ದೇವೆ. ಅದರ ಕೀಲಿಕೈ ಯಾರಲ್ಲಿದೆ ಎಂಬುದನ್ನು ಮಾತ್ರ ವಿಚಾರಿಸಿಲ್ಲ.

ಹಿಂದಿನ ತಲೆಮಾರಿನ ಲೇಖಕನೊಬ್ಬ ತೀರಿಕೊಂಡರೆ ಮನೆಯ ಅಟ್ಟದ ಮೇಲೆ ಒಂದು ಟ್ರಂಕು ಉಳಿಯುತ್ತಿತ್ತು. ಹಸ್ತಪ್ರತಿಗಳು, ಬಂದ ಕಾಗದಗಳು, ಗೆಳೆಯರು ತಿದ್ದಿಕೊಟ್ಟ ಕರಡುಗಳು ಅದರಲ್ಲಿರುತ್ತಿದ್ದವು. ಗೆದ್ದಲು ಹಿಡಿಯುವುದುಂಟು, ಮಳೆಗೆ ನೆನೆಯುವುದುಂಟು; ಆದರೂ ಮಕ್ಕಳೋ ಶಿಷ್ಯರೋ ಮನಸ್ಸು ಮಾಡಿದರೆ ಆ ಟ್ರಂಕನ್ನು ತೆರೆಯಬಹುದಾಗಿತ್ತು. ನಮ್ಮ ಸಾಹಿತ್ಯಚರಿತ್ರೆಯ ಎಷ್ಟೋ ಸಂಗತಿಗಳು ಹೊರಬಿದ್ದುದು ಅಂತಹ ಟ್ರಂಕುಗಳಿಂದಲೇ. ಇಂದಿನ ಲೇಖಕನ ಟ್ರಂಕು ಅಟ್ಟದ ಮೇಲಿಲ್ಲ. ಎಲ್ಲಿದೆಯೆಂದು ಅವನಿಗೇ ತಿಳಿಯದು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎಂಬ ಗಾದೆಯಂತೆ ಬಿಟ್ಟಿಯಾಗಿ ದೊರೆತ ಜಾಗದಲ್ಲೆಲ್ಲ ನಾವು ಬಿಡಾರ ಹೂಡಿದೆವು. ಜಿಯೋಸಿಟೀಸ್ ೨೦೦೯ರಲ್ಲಿ ಮುಚ್ಚಿತು. ತರುಣರು ಹಗಲಿರುಳು ಹರಟುತ್ತಿದ್ದ ಆರ್ಕುಟ್ ೨೦೧೪ರ ಸೆಪ್ಟೆಂಬರ್ ೩೦ರಂದು ಮುಗಿಯಿತು. ಗೂಗಲ್ ಪ್ಲಸ್ ೨೦೧೯ರ ಏಪ್ರಿಲ್‌ನಲ್ಲಿ ಹೋಯಿತು. ಎಷ್ಟೋ ಭಾಷೆಗಳ ಜನ ವರ್ಷಗಟ್ಟಲೆ ಚರ್ಚೆ ನಡೆಸಿದ್ದ ಯಾಹೂ ಗ್ರೂಪ್ಸ್ ೨೦೨೦ರ ಡಿಸೆಂಬರ್‌ನಲ್ಲಿ ಅಸ್ತಮಿಸಿತು. ಮುಚ್ಚಿದವರು ಕಾನೂನು ಮುರಿಯಲಿಲ್ಲ. ಅಂಗಡಿ ಅವರದು; ಲಾಭವಿಲ್ಲವೆಂದು ಕದ ಎಳೆದುಕೊಂಡರು. ಒಳಗಿದ್ದ ಸರಕು ಮಾತ್ರ ನಮ್ಮದಾಗಿತ್ತು.

ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ಮುದುಕಿಯರಿಂದ ಬೀಸುವ ಪದ, ಸೋಬಾನೆ ಪದಗಳನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡಿದ್ದರು. ಅದೆಲ್ಲವನ್ನೂ ಒಂದು ದೊಡ್ಡ ಕಂಪನಿಯ ದಾಸ್ತಾನಿನಲ್ಲಿ ಇರಿಸಿದ್ದರು. ಒಂದು ದಿನ ಅವರ ಖಾತೆ ನಿಯಮಭಂಗದ ಕಾರಣದಿಂದ ರದ್ದಾಗಿದೆಯೆಂದು ಎರಡು ಸಾಲಿನ ಸೂಚನೆ ಬಂತು. ಯಾವ ನಿಯಮ, ಹೇಗೆ ಭಂಗವಾಯಿತು ಎಂಬುದನ್ನು ಹೇಳುವವರಿಲ್ಲ. ಅರ್ಜಿ ಬರೆದರು, ಯಂತ್ರದಿಂದ ಉತ್ತರ ಬಂತು. ಮತ್ತೆ ಬರೆದರು, ಅದೇ ಉತ್ತರ ಅದೇ ಮಾತುಗಳಲ್ಲಿ ಬಂತು. ತಾಲ್ಲೂಕು ಕಚೇರಿಯಲ್ಲಿ ಕಾಗದ ಕಳೆದರೆ ಗುಮಾಸ್ತನೊಡನೆ ಜಗಳವಾಡಬಹುದು, ತಹಶೀಲ್ದಾರರನ್ನು ಕಾಣಬಹುದು. ಇಲ್ಲಿ ಜಗಳವಾಡುವುದಕ್ಕೂ ಒಬ್ಬ ಮನುಷ್ಯನಿರಲಿಲ್ಲ. ಆ ಹಾಡುಗಳನ್ನು ಹಾಡಿದವರಲ್ಲಿ ಹಲವರು ಈಗಿಲ್ಲ.

ಆದರೆ ಒಂದು ಕಡೆಯ ಮಾತನ್ನೇ ಆಡುವುದು ನ್ಯಾಯವಲ್ಲ. ಈ ಕಂಪನಿಗಳು ನಮಗೆ ಕೊಟ್ಟುದು ಅಲ್ಪವೇನಲ್ಲ. ಹಳ್ಳಿಯ ಹುಡುಗಿಯೊಬ್ಬಳು ಕೈಯಲ್ಲಿರುವ ಮೊಬೈಲಿನಲ್ಲೇ ಕನ್ನಡದಲ್ಲಿ ಕಥೆ ಬರೆದು ಆ ಕ್ಷಣವೇ ನೂರು ಜನಕ್ಕೆ ಮುಟ್ಟಿಸುವುದು ನನ್ನ ವಿದ್ಯಾರ್ಥಿದೆಸೆಯಲ್ಲಿ ಊಹೆಗೂ ಮೀರಿದ್ದು. ಆದುದರಿಂದ ಎಲ್ಲವನ್ನೂ ತೊರೆದು ಓಲೆಗರಿಗೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಅವಲಂಬನೆಯ ಪ್ರಮಾಣ ಎಷ್ಟೆಂಬುದನ್ನು ತಿಳಿದಿರಬೇಕು ಎಂಬುದಷ್ಟೇ ನನ್ನ ವಾದ. ೨೦೨೧ರ ಅಕ್ಟೋಬರ್ ೪ರ ರಾತ್ರಿ ಒಂದೇ ಕಂಪನಿಯ ಒಳಗಿನ ಒಂದು ತಾಂತ್ರಿಕ ತಪ್ಪಿನಿಂದ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ತಾಸು ಲೋಕದಾದ್ಯಂತ ಸ್ತಬ್ಧವಾದವು. ಮೂರು ಬಾವಿಗಳೆಂದು ತಿಳಿದಿದ್ದೆವು. ಸೆಲೆ ಒಂದೇ ಎಂಬುದು ಅಂದು ಗೊತ್ತಾಯಿತು.

ಈ ಮಾತೆತ್ತಿದೊಡನೆ ಥಟ್ಟನೆ ಬರುವ ಪರಿಹಾರವೆಂದರೆ ಸ್ವದೇಶಿ. ಪರದೇಶದ ಕಂಪನಿಯನ್ನು ಬಿಟ್ಟು ನಮ್ಮವರದನ್ನು ಹಿಡಿಯೋಣ ಎಂಬುದು. ಭಾವನೆ ಒಳ್ಳೆಯದೇ. ಆದರೆ ಕನ್ನಡಿಗರಾದ ನಮಗೆ ಈ ದಾರಿಯ ಅನುಭವ ಆಗಲೇ ಆಗಿದೆ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕಾ ಅವರು ೨೦೨೦ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕೂ’ ಮೊದಲು ಉಲಿದುದು ಕನ್ನಡದಲ್ಲಿಯೇ. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ೨೦೨೧ರಲ್ಲಿ ಸರ್ಕಾರಕ್ಕೂ ಟ್ವಿಟರಿಗೂ ವಿರಸವುಂಟಾದಾಗ ಮಂತ್ರಿಗಳೇ ಅತ್ತ ವಾಲಿದರು. ಭಾರತದ ಹಲವು ನುಡಿಗಳಿಗೆ ಒಂದೇ ಮರದಲ್ಲಿ ಗೂಡು ಕಟ್ಟಿಕೊಟ್ಟ ಹಳದಿ ಹಕ್ಕಿ ಅದು. ೨೦೨೪ರ ಜುಲೈನಲ್ಲಿ ಅದೂ ರೆಕ್ಕೆ ಮಡಿಸಿತು. ದೊಡ್ಡ ಸಂಸ್ಥೆಗಳೊಡನೆ ನಡೆದ ಮಾತುಕತೆ ಫಲಿಸಲಿಲ್ಲ, ಖರ್ಚು ತೂಗಿಸಲಾಗಲಿಲ್ಲ ಎಂದು ಸ್ಥಾಪಕರೇ ಮರೆಮಾಚದೆ ತಿಳಿಸಿದರು. ಅವರ ಪ್ರಯತ್ನವನ್ನು ನಾನು ಹಳಿಯಲಾರೆ. ಆದರೆ ಅಲ್ಲಿ ನಾಲ್ಕು ವರ್ಷ ಬರೆದವನಿಗೆ, ಮುಚ್ಚಿದ ಬಾಗಿಲು ಬೆಂಗಳೂರಿನದೋ ಕ್ಯಾಲಿಫೋರ್ನಿಯದೋ ಎಂಬುದರಿಂದ ಆಗುವ ವ್ಯತ್ಯಾಸವೇನು? ಸ್ವದೇಶಿಯಾದುದೆಲ್ಲ ಸ್ವತಂತ್ರವಲ್ಲ. ಈ ಎರಡು ಶಬ್ದಗಳನ್ನು ನಾವು ಒಂದೇ ಎಂದು ಬಳಸುತ್ತಿರುವುದರಿಂದಲೇ ವಿಚಾರ ಮಸುಕಾಗಿದೆ.

ಹಾಗಾದರೆ ಸ್ವಾತಂತ್ರ್ಯದ ಲಕ್ಷಣವೇನು? ನನಗೆ ತೋರುವಂತೆ ಅದು ಒಂದೇ: ಒಲ್ಲೆನೆನಿಸಿದ ದಿನ ಗಂಟುಮೂಟೆ ಕಟ್ಟಿಕೊಂಡು, ನೆಂಟರಿಷ್ಟರನ್ನು ಕಳೆದುಕೊಳ್ಳದೆ, ಬೇರೆ ಮನೆಗೆ ಹೋಗಲು ಸಾಧ್ಯವಿರುವುದು. ಇ-ಮೇಲಿನ ಮೂಲರಚನೆಯಲ್ಲಿ ಈ ಗುಣವಿದೆ. ಅದರ ಸಾಗಾಟದ ನಿಯಮವನ್ನು ೧೯೮೨ರಲ್ಲೇ ಬಹಿರಂಗವಾಗಿ ಪ್ರಕಟಿಸಿದರು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಆದ್ದರಿಂದ ಒಂದು ಕಂಪನಿಯ ಪೆಟ್ಟಿಗೆಯಿಂದ ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಕಾಗದ ಹೋಗುತ್ತದೆ. ವಾಟ್ಸ್‌ಆ್ಯಪಿನಂತಹ ಸೇವೆಗಳು ಇದಕ್ಕೆ ವಿರುದ್ಧವಾದ ತತ್ತ್ವದ ಮೇಲೆ ಬೆಳೆದವು. ಗೋಡೆಯ ಒಳಗಿದ್ದವರು ಒಳಗಿದ್ದವರೊಡನೆ ಮಾತ್ರ ಮಾತಾಡಬೇಕು. ಯುರೋಪಿನ ಶಾಸನವೊಂದು ೨೦೨೪ರಿಂದ ಈ ಗೋಡೆಯಲ್ಲಿ ಕಿಟಕಿ ಕೊರೆಯುವಂತೆ ದೊಡ್ಡ ಕಂಪನಿಗಳನ್ನು ಒತ್ತಾಯಿಸಿದೆಯೆಂಬುದು ಗಮನಾರ್ಹ.

ಇಲ್ಲಿಯೇ ವಿಳಾಸದ ಪ್ರಶ್ನೆಯೂ ಬರುತ್ತದೆ. ಕೇಂದ್ರ ಸರ್ಕಾರದ ಸುಮಾರು ೧೨ ಲಕ್ಷ ನೌಕರರ ಇ-ಮೇಲ್ ವ್ಯವಸ್ಥೆಯನ್ನು ಚೆನ್ನೈಯ ಜೋಹೊ ಕಂಪನಿಗೆ ವಹಿಸಿದ ಸುದ್ದಿ ೨೦೨೫ರ ಅಕ್ಟೋಬರಿನಲ್ಲಿ ಬಂದಾಗ ಎಲ್ಲರೂ ಸ್ವದೇಶಿಯ ಜಯಘೋಷ ಮಾಡಿದರು. ನನಗೆ ಮುಖ್ಯವೆನಿಸಿದ್ದು ಬೇರೆ: ನೌಕರರ ವಿಳಾಸ ಬದಲಾಗಲಿಲ್ಲ, ಅದು ಸರ್ಕಾರದ್ದಾಗಿಯೇ ಉಳಿಯಿತು. ವಿಳಾಸ ತನ್ನ ಹೆಸರಿನಲ್ಲಿ ಇರುವವನು ನಾಳೆ ಹೊರೆಯಾಳನ್ನು ಬದಲಿಸಬಹುದು. ಹೊರೆಯಾಳಿನ ಹೆಸರನ್ನೇ ತನ್ನ ವಿಳಾಸ ಮಾಡಿಕೊಂಡವನಿಗೆ ಆ ಸೌಲಭ್ಯವಿಲ್ಲ. ನಮ್ಮಲ್ಲಿ ಬಹುಮಂದಿ ಈ ಎರಡನೆಯ ಗುಂಪಿಗೆ ಸೇರಿದವರು. ಸ್ವಂತ ಹೆಸರಿನ ಅಂತರ್ಜಾಲ ವಿಳಾಸವೊಂದಕ್ಕೆ ತಗಲುವ ವಾರ್ಷಿಕ ವೆಚ್ಚ ಕೆಲವೇ ಪುಸ್ತಕಗಳ ಬೆಲೆಯಷ್ಟು. ಆ ವಿಳಾಸವನ್ನು ಈಗ ಕನ್ನಡ ಲಿಪಿಯಲ್ಲಿಯೇ ಪಡೆಯಬಹುದು.

ಕನ್ನಡ ನುಡಿ ಈ ಪಾಠವನ್ನು ಒಮ್ಮೆ ಕಷ್ಟಪಟ್ಟು ಕಲಿತಿದೆ. ಗಣಕಕ್ಕೆ ಕನ್ನಡ ಬಂದ ಮೊದಲ ವರ್ಷಗಳಲ್ಲಿ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಗುಪ್ತಸಂಖ್ಯೆ ಕೊಟ್ಟಿತ್ತು. ಒಂದರಲ್ಲಿ ಬೆರಳಚ್ಚು ಮಾಡಿದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತಿತ್ತು. ಪ್ರಶ್ನೆಪತ್ರಿಕೆಯನ್ನು ಕಳಿಸುವಾಗ ಅದರ ಜೊತೆಗೆ ಅಕ್ಷರದ ಫಾಂಟನ್ನೂ ಕಳಿಸಬೇಕಾಗಿದ್ದ ಕಾಲ ನನಗೆ ನೆನಪಿದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತೇ ಒಪ್ಪಿದ ಒಂದು ಸಂಖ್ಯೆ ದೊರೆಯಿತು. ಅದು ಬಳಕೆಗೆ ಬರಲು ಮತ್ತೆ ಎಷ್ಟೋ ವರ್ಷ ಹಿಡಿಯಿತಾದರೂ, ಬಂದ ಮೇಲೆ ಕನ್ನಡದ ‘ಅ’ ಯಾವ ಕಂಪನಿಯ ‘ಅ’ವೂ ಅಲ್ಲವಾಯಿತು. ಇಂದು ಯಾವ ಮೊಬೈಲಿನಲ್ಲಿ ಬರೆದುದನ್ನು ಯಾವ ಮೊಬೈಲಿನಲ್ಲಾದರೂ ಓದುತ್ತೇವೆ. ಅಕ್ಷರಕ್ಕೆ ದೊರೆತ ಈ ಬಿಡುಗಡೆ ಬರೆಹಕ್ಕೆ ಇನ್ನೂ ದೊರೆತಿಲ್ಲ.

ಸ್ವತಂತ್ರವಾದ ಪರ್ಯಾಯಗಳು ಇಲ್ಲವೆಂದಲ್ಲ. ಜರ್ಮನಿಯ ಯುಜೆನ್ ರಾಚ್ಕೊ ೨೦೧೬ರಲ್ಲಿ ಪ್ರಾರಂಭಿಸಿದ ಮ್ಯಾಸ್ಟೋಡಾನ್ ಒಂದು ಉದಾಹರಣೆ. ಅದರಲ್ಲಿ ಸಾವಿರಾರು ಸಣ್ಣ ಸರ್ವರುಗಳು ಒಂದೇ ಬಹಿರಂಗ ನಿಯಮಕ್ಕೆ ಒಳಪಟ್ಟು ಪರಸ್ಪರ ಮಾತಾಡುತ್ತವೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತುಗೊಂಡ ೨೦೧೯ರ ನವೆಂಬರಿನಲ್ಲಿ ಅನೇಕ ಭಾರತೀಯರು ಅಲ್ಲಿಗೆ ವಲಸೆ ಹೋದರು. ಬಹುಪಾಲು ಜನ ಅಲ್ಲಿ ನೆಲೆ ನಿಲ್ಲಲಿಲ್ಲ. ಜಾತ್ರೆ ಎಲ್ಲಿ ನೆರೆದಿದೆಯೋ ಅಲ್ಲಿಗೇ ಜನ ಹೋಗುತ್ತಾರೆ. ಒಬ್ಬನೇ ಬೇರೆ ಬಯಲಿಗೆ ಹೋದರೆ ಅದು ಜಾತ್ರೆಯಾಗದು. ಸಣ್ಣ ಸರ್ವರನ್ನು ನಡೆಸುವವನಿಗೂ ಬೇಸರವಾಗಬಹುದು, ಕಾಯಿಲೆಯಾಗಬಹುದು, ಕೈ ಬರಿದಾಗಬಹುದು. ಒಬ್ಬನ ಉತ್ಸಾಹವನ್ನು ನೆಚ್ಚುವುದೂ ಅವಲಂಬನೆಯೇ.

ಆದುದರಿಂದ ಈ ಕೆಲಸ ವ್ಯಕ್ತಿಗಳಿಗಿಂತ ಸಂಸ್ಥೆಗಳಿಗೆ ಹೆಚ್ಚು ಸಲ್ಲುವಂಥದು. ಜರ್ಮನಿಯ ಷ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತ ತನ್ನ ಆಡಳಿತದ ೪೦,೦೦೦ಕ್ಕೂ ಮಿಕ್ಕ ಇ-ಮೇಲ್ ಪೆಟ್ಟಿಗೆಗಳನ್ನು ಮೈಕ್ರೋಸಾಫ್ಟಿನಿಂದ ಮುಕ್ತ ತಂತ್ರಾಂಶಕ್ಕೆ ಸಾಗಿಸುವ ಕೆಲಸವನ್ನು ೨೦೨೫ರ ಅಕ್ಟೋಬರಿನಲ್ಲಿ ಮುಗಿಸಿತು. ಅದೇ ದೇಶದ ಮ್ಯೂನಿಕ್ ನಗರ ಇಂತಹುದೇ ದಾರಿಯಲ್ಲಿ ಬಹಳ ದೂರ ನಡೆದು ೨೦೧೭ರಲ್ಲಿ ಹಿಂದಿರುಗಲು ನಿರ್ಧರಿಸಿತ್ತೆಂಬುದನ್ನೂ ಮರೆಯಬಾರದು, ದಾರಿ ಸುಗಮವಲ್ಲ. ಅಷ್ಟು ದೂರ ಹೋಗುವುದೇ ಬೇಡ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಗಣಕವನ್ನು ಕಲಿಯುವುದೇ ಮುಕ್ತ ತಂತ್ರಾಂಶದ ಮೇಲೆ.

ನಮ್ಮಲ್ಲಿ ಆಧಾರಗಳು ಇಲ್ಲವೇ? ೨೦೦೩ರಿಂದ ಕನ್ನಡ ವಿಕಿಪೀಡಿಯವನ್ನು ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ೨೦೧೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅದರಿಂದಾಗಿ ಆ ಜ್ಞಾನವನ್ನು ಯಾರು ಬೇಕಾದರೂ ನಕಲು ಮಾಡಿ ಉಳಿಸಿಕೊಳ್ಳಬಹುದು. ಒಂದು ಬಾಗಿಲು ಮುಚ್ಚಿದರೆ ಹತ್ತು ಬಾಗಿಲು ತೆರೆದಿರುತ್ತವೆ. ಇದಕ್ಕೂ ಹಿಂದಿನ ಎರಡು ಶಾಸನಗಳನ್ನು ನೆನೆಯಬೇಕು. ೧೯೫೪ರ ಕಾಯಿದೆ, ದೇಶದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕೆಂದು ವಿಧಿಸಿತು. ೧೯೬೫ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಮಾಡಿ, ಮನೆಗಂದಾಯದ ಜೊತೆಯಲ್ಲಿಯೇ ಗ್ರಂಥಾಲಯದ ಕರವನ್ನು ವಸೂಲು ಮಾಡಲು ನಿಶ್ಚಯಿಸಿತು. ಪುಸ್ತಕ ಉಳಿಯುವುದೂ ಓದುಗನಿಗೆ ಸಿಗುವುದೂ ಕೇವಲ ವ್ಯಾಪಾರಿಯ ಲಾಭನಷ್ಟಕ್ಕೆ ಬಿಟ್ಟ ಸಂಗತಿಯಲ್ಲ ಎಂಬ ವಿವೇಕ ಆ ತಲೆಮಾರಿಗೆ ಇತ್ತು. ಆ ಕರವನ್ನು ನಾವು ಇಂದಿಗೂ ಕಟ್ಟುತ್ತಿದ್ದೇವೆ.

ಆ ವಿವೇಕವನ್ನು ಈಗ ಅಂತರ್ಜಾಲಕ್ಕೂ ವಿಸ್ತರಿಸಬೇಕೆಂಬುದೇ ನನ್ನ ಸೂಚನೆ. ಜಿಲ್ಲಾ ಗ್ರಂಥಾಲಯಗಳೂ ವಿಶ್ವವಿದ್ಯಾನಿಲಯಗಳೂ ಕೂಡಿ, ಕನ್ನಡದಲ್ಲಿ ಬರೆಯುವ ಯಾರಾದರೂ ತಮ್ಮ ಬರೆಹದ, ಧ್ವನಿಯ, ಚಿತ್ರದ ಒಂದು ಪ್ರತಿಯನ್ನು ಒಪ್ಪಿಸಬಹುದಾದ ಸಾರ್ವಜನಿಕ ಉಗ್ರಾಣವನ್ನು ಕಟ್ಟಲಿ. ಅದು ಮುಕ್ತ ಶಿಷ್ಟತೆಗಳ ಮೇಲೆ ನಿಲ್ಲಲಿ, ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಅದರ ಪ್ರತಿಗಳಿರಲಿ, ಒಪ್ಪಿಸಿದವನಿಗೆ ಹಿಂದಕ್ಕೆ ಪಡೆಯುವ ಹಕ್ಕಿರಲಿ. ಸರ್ಕಾರದ ಕೈಯಲ್ಲಿ ಕೀಲಿಕೈ ಇಡುವುದೂ ಅಪಾಯವಲ್ಲವೇ ಎಂದು ಕೇಳುವವರಿದ್ದಾರೆ; ಅವರ ಶಂಕೆ ಯುಕ್ತವಾದುದೇ. ಅದಕ್ಕೇ ಪ್ರತಿಗಳು ಹಲವಿರಬೇಕು, ಕೀಲಿಕೈಗಳೂ ಹಲವಿರಬೇಕು.

ಅದು ಆಗುವ ತನಕ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರಂತೆ ಕುಳಿತಿರಬೇಕಾಗಿಲ್ಲ. ಕಂಪನಿಯ ಸೇವೆಯನ್ನು ಬಳಸುವವರು ಬಳಸಲಿ. ಒಂದು ಪ್ರತಿಯನ್ನು ಮಾತ್ರ ಸ್ವಂತ ಡಿಸ್ಕಿನಲ್ಲಿ, ಯಾವ ಯಂತ್ರವೂ ಓದಬಲ್ಲ ಸರಳ ರೂಪದಲ್ಲಿ ಇಟ್ಟುಕೊಳ್ಳಲಿ. ನಮ್ಮ ವಿಭಾಗದ ಭಿತ್ತಿಪತ್ರಿಕೆಯ ಲೇಖನಗಳನ್ನು ವರ್ಷಕ್ಕೊಮ್ಮೆ ಹೀಗೆ ಕೂಡಿಸಿ, ಕಾಗದದ ಮೇಲೊಂದು ಪ್ರತಿ ತೆಗೆಸಿ, ಕಾಲೇಜಿನ ಗ್ರಂಥಪಾಲರಿಗೆ ಒಪ್ಪಿಸಿ ರಸೀದಿ ಪಡೆಯುವ ಪದ್ಧತಿಯನ್ನು ವಿದ್ಯಾರ್ಥಿಗಳೇ ಆರಂಭಿಸಿದ್ದಾರೆ. ಮೊದಲ ಸಂಪುಟದಲ್ಲಿ ನಲವತ್ತೊಂದು ಪುಟಗಳಿವೆ. ಗ್ರಂಥಪಾಲರು ಅದಕ್ಕೊಂದು ದಾಖಲೆ ಸಂಖ್ಯೆ ಕೊಟ್ಟು ಕಪಾಟಿನಲ್ಲಿ ಇಟ್ಟಿದ್ದಾರೆ.