ಖಾಲಿ ಮಾಡಿಸುವ ಮೊದಲು ಬರೆದುಕೊಡಿ

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಕೆಡವಬೇಕೇ, ಉಳಿಸಬೇಕೇ ಎಂಬ ಜಗಳ ಜೋರಾಗಿದ್ದು 2016ರ ಆಗಸ್ಟ್ 28ರ ನಂತರ. ಅಂದು ದುರಸ್ತಿ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ ಧನ್ವಂತ್ರಿ ರಸ್ತೆ ಕಡೆಯ ದ್ವಾರ ಕುಸಿಯಿತು. ಪಾಲಿಕೆ ನೆಲಸಮ ಮಾಡಿ ಹೊಸದಾಗಿ ಕಟ್ಟಲು ಹೊರಟಿತು. ಗಾರೆ, ಇಟ್ಟಿಗೆಯ ಈ ಕಟ್ಟಡವನ್ನು ರಿಪೇರಿ ಮಾಡಿ ಉಳಿಸಬಹುದು ಎಂದು ಪರಂಪರೆ ಸಂರಕ್ಷಣೆಯ ಸಂಸ್ಥೆ ಇನ್‌ಟ್ಯಾಕ್‌ನ ತಜ್ಞರು ವಾದಿಸಿದರು. 2023ರಲ್ಲಿ ಹೈಕೋರ್ಟ್ ನೆಲಸಮಕ್ಕೆ ಅಡ್ಡಿಯಿಲ್ಲ ಎಂದಿತು. ಇಷ್ಟೆಲ್ಲದರ ನಡುವೆ ಗೋಡೆ, ಕಮಾನು, ತೊಲೆಗಳ ಸ್ಥಿತಿಗತಿ ಬಗ್ಗೆ ವರದಿ ಮೇಲೆ ವರದಿ ಬಂತು. ಒಳಗೆ ಅಂಗಡಿ ಇಟ್ಟುಕೊಂಡವರ ಗತಿ ಏನು ಎಂಬ ಪ್ರಶ್ನೆ ಮಾತ್ರ ಚರ್ಚೆಯ ಅಂಚಿಗೆ ಸರಿಯಿತು. ನನ್ನ ಪ್ರಕಾರ ಮೊದಲು ಉತ್ತರ ಸಿಗಬೇಕಾದ್ದು ಆ ಪ್ರಶ್ನೆಗೆ.

ಅಂಗಡಿಯವರ ಬಗ್ಗೆ ನನಗಿರುವ ಆತಂಕಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಜಗನ್ಮೋಹನ ಅರಮನೆ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ನೋಡಿ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳನ್ನು ಖಾಲಿ ಮಾಡಿಸಿದ್ದು ಸರಿಯಾಗಿಯೇ ಇತ್ತು. ಜೀವಕ್ಕಿಂತ ವ್ಯಾಪಾರ ದೊಡ್ಡದಲ್ಲ. ಆದರೆ ಆಮೇಲೇನಾಯಿತು? ದುರಸ್ತಿಯೂ ಇಲ್ಲ, ಮರುನಿರ್ಮಾಣವೂ ಇಲ್ಲ, ವರ್ಷಗಟ್ಟಲೆ ಬೀಗ. ಕಾಲೇಜು ಹುಡುಗರು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಳ್ಳುತ್ತಿದ್ದ ಹಳೆಯ ಪುಸ್ತಕದ ಅಂಗಡಿಗಳ ಸಾಲು ಚದುರಿಹೋಯಿತು. ಸಾಲಾಗಿದ್ದರಿಂದಲೇ ಅಲ್ಲಿಗೆ ಗಿರಾಕಿ ಬರುತ್ತಿದ್ದ. ಒಂದೊಂದು ಅಂಗಡಿ ಒಂದೊಂದು ದಿಕ್ಕಿಗೆ ಹೋದ ಮೇಲೆ ಅವನು ಯಾರನ್ನು ಎಲ್ಲಿ ಹುಡುಕಿಯಾನು?

ದೇವರಾಜ ಮಾರುಕಟ್ಟೆಯಲ್ಲಿರುವುದು ಇಂಥ ಸಾಲುಗಳೇ. ಹೂವಿನ ಸಾಲಿನಲ್ಲಿ ಬೆಳಗ್ಗೆ ಮಲ್ಲಿಗೆ, ಕನಕಾಂಬರ, ಮರುಗ ಮೂಟೆಯಲ್ಲಿ ಬಂದು ಬೀಳುತ್ತವೆ. ಕಟ್ಟುವವರ ಬೆರಳು ಬಾಳೆನಾರಿನ ಮೇಲೆ ಓಡುತ್ತಲೇ ಇರುತ್ತದೆ, ಕಣ್ಣು ಮಾತ್ರ ಗಿರಾಕಿಯ ಮೇಲೆ. ಮೊಳ ಬೇಕೆಂದವರಿಗೆ ಮೊಳ, ಮಾರು ಬೇಕೆಂದವರಿಗೆ ಮಾರು. ಅಲ್ಲಿಂದ ಮುಂದೆ ವೀಳ್ಯದೆಲೆ, ಬಾಳೆಹಣ್ಣು, ಅರಿಶಿನ, ಗುಡ್ಡೆ ಹಾಕಿದ ಕುಂಕುಮ, ಊದುಬತ್ತಿ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೆಳೆಗೆ ಸರ್ಟಿಫಿಕೇಟ್ ಕೊಟ್ಟ ಸರ್ಕಾರ, ಆ ಬೆಳೆ ಊರಿನ ಕೈ ಸೇರುವ ಜಾಗವನ್ನು ಕಾಪಾಡಬೇಡವೇ? ಮೈಸೂರು ಪಾಕ್‌ನ ಹೆಸರಿನೊಡನೆ ಸೇರಿಕೊಂಡಿರುವ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶಸ್ಥರ ಮಿಠಾಯಿ ಅಂಗಡಿಯೂ ಇದೇ ಕಟ್ಟಡದಲ್ಲಿ, ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿಕೊಂಡಿದೆ. ಮದುವೆ ಮನೆಯವರು ಒಂದು ಸುತ್ತು ಹಾಕಿದರೆ ಚೀಟಿಯಲ್ಲಿ ಬರೆದದ್ದೆಲ್ಲ ಮುಗಿಯುತ್ತದೆ.

ಕಟ್ಟಡ ಅಪಾಯದಲ್ಲಿದೆ, ನಾಳೆ ಬಿದ್ದರೆ ಹೊಣೆ ಯಾರು ಎಂದು ಕೆಡವಬೇಕೆನ್ನುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಮಾಲೀಕ ಯಾರು? ಪಾಲಿಕೆಯೇ. ಸೋರುವ ಮಾಡನ್ನು ಕಾಲಕಾಲಕ್ಕೆ ಸರಿಪಡಿಸಬೇಕಾದವರು, ಚರಂಡಿ ನೀರು ಬುನಾದಿಗೆ ಇಳಿಯದಂತೆ ನೋಡಿಕೊಳ್ಳಬೇಕಾದವರು ಬಾಡಿಗೆ ಪಡೆಯುವವರೇ. ಮಾಲೀಕ ರಿಪೇರಿ ಮಾಡದೆ ಬಿಟ್ಟ ಕಟ್ಟಡ ಶಿಥಿಲವಾದರೆ ಶಿಕ್ಷೆ ಬಾಡಿಗೆದಾರನಿಗೆ ಎಂಬುದು ಯಾವ ಸೀಮೆಯ ನ್ಯಾಯ? 1869ರ ಮುಂಬೈಯ ಕ್ರಾಫರ್ಡ್ ಮಾರುಕಟ್ಟೆಯ ಹಳೆಯ ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿದ್ದಾರೆ. ಮನಸ್ಸಿದ್ದರೆ ಇಲ್ಲೂ ಒಂದೊಂದೇ ಭಾಗ ತೆರವು ಮಾಡಿ, ಗಟ್ಟಿ ಮಾಡಿ, ಅವರವರ ಜಾಗಕ್ಕೆ ಕೂರಿಸಿ ಮುಂದಕ್ಕೆ ಹೋಗಬಹುದು.

ಹೊಸ ಕಟ್ಟಡವೇ ಆಗಲಿ ಎಂದುಕೊಂಡರೂ ನನ್ನ ಭಯ ಕಡಿಮೆಯಾಗುವುದಿಲ್ಲ. ಕೋಟಿಗಟ್ಟಲೆ ಸುರಿದ ಮೇಲೆ ಆ ಹಣ ಬಾಡಿಗೆಯಿಂದಲೇ ಹುಟ್ಟಬೇಕೆಂಬ ಲೆಕ್ಕ ಶುರುವಾಗುತ್ತದೆ. ಮಳಿಗೆ ಹರಾಜಿಗೆ ಬಂದರೆ ಮೊಬೈಲ್ ಅಂಗಡಿಯವನ ಎದುರು ಸೊಪ್ಪಿನವಳು ಕೂಗಿ ಗೆಲ್ಲುತ್ತಾಳೆಯೇ? ಮೆಟ್ಟಿಲು ಹತ್ತಿ ಬಾಳೆಗೊನೆ ಕೊಳ್ಳಲು ಯಾರು ಬರುತ್ತಾರೆ?

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಎರಡನೇ ಅನುಸೂಚಿ ಒಂದು ಒಳ್ಳೆಯ ಮಾತು ಹೇಳುತ್ತದೆ: 50 ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ನಡೆದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಬಾರದು. ಮಳಿಗೆ ಬಾಡಿಗೆದಾರರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಆದರೆ ಕಟ್ಟಡವಷ್ಟೇ ಅಲ್ಲ, ವ್ಯಾಪಾರವೂ ಪರಂಪರೆಯೇ ಎಂದು ಸಂಸತ್ತು ಒಪ್ಪಿದ ಮೇಲೆ ಒಳಗೆ ಕೂತ 800ಕ್ಕೂ ಹೆಚ್ಚು ಮಳಿಗೆಯವರಿಗೆ ಆ ಮಾತನ್ನು ನಿರಾಕರಿಸಲು ಪಾಲಿಕೆಗೆ ಯಾವ ನೈತಿಕತೆ ಇದೆ?

ಆದ್ದರಿಂದ ರಿಪೇರಿಯಾಗಲಿ, ಮರುನಿರ್ಮಾಣವಾಗಲಿ, ಒಬ್ಬನೇ ಒಬ್ಬ ವ್ಯಾಪಾರಿಯನ್ನು ಎಬ್ಬಿಸುವ ಮೊದಲು ಪಾಲಿಕೆ ಬರೆದುಕೊಡಬೇಕು. ಇದೇ ಸಾಲು, ನೆಲಮಟ್ಟದಲ್ಲೇ ಇಷ್ಟೇ ಅಳತೆಯ ಮಳಿಗೆ, ಹರಾಜಿಲ್ಲದೆ ಹಳಬರಿಗೇ ಹಂಚಿಕೆ, ಕೈಗೆಟಕುವ ಬಾಡಿಗೆ, ಕೆಲಸ ಮುಗಿಯುವ ತಾರೀಖು, ಅಲ್ಲಿಯವರೆಗೆ ಹತ್ತಿರದಲ್ಲೇ ಒಟ್ಟಾಗಿ ಕೂರಲು ಜಾಗ. ಬಾಯಿಮಾತಿನ ಭರವಸೆ ಸಾಲದು. ಕೌನ್ಸಿಲ್ ನಿರ್ಣಯವಾಗಿ, ಬಾಡಿಗೆ ಕರಾರಿನ ಷರತ್ತಾಗಿ ಕೈಗೆ ಬರಬೇಕು. ಇಷ್ಟನ್ನು ಕೊಡಲು ಪಾಲಿಕೆ ಹಿಂಜರಿದರೆ ವ್ಯಾಪಾರಿಗಳು ಜಾಗ ಬಿಡದಿರುವುದೇ ಸರಿ, ಮೈಸೂರಿನವರು ಅವರ ಜೊತೆ ನಿಲ್ಲುವುದೇ ಸರಿ.