ದೆವ್ವ ಬಿಡಿಸುವವರೂ ವೈದ್ಯರೂ

2025ರ ಜುಲೈ ತಿಂಗಳಿನಲ್ಲಿ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರಿಗೆ ಸಮೀಪದ ಹಳ್ಳಿಯೊಂದರಲ್ಲಿ, ದೆವ್ವ ಬಿಡಿಸುವೆವೆಂದು ಹೊಡೆದ ಏಟುಗಳಿಂದ ಸ್ತ್ರೀಯೊಬ್ಬರು ಮೃತರಾದ ವಾರ್ತೆಯನ್ನು ವಾಚಕರು ಮರೆತಿರಲಾರರು. ಅಪರಾಧದ ವಿಚಾರ ನ್ಯಾಯಾಲಯಕ್ಕೆ ಸೇರಿದುದು. ಆದರೆ ಗುಣವಾಗಲೆಂದು ಆರಂಭಿಸಿದ ಕಾರ್ಯ ಮರಣದಲ್ಲಿ ಏಕೆ ಮುಗಿಯಿತೆಂಬುದು ವಿಜ್ಞಾನಕ್ಕೆ ಸೇರಿದ ಪ್ರಶ್ನೆ.

ಇಂತಹ ಚಿಕಿತ್ಸೆಯೆಲ್ಲವೂ ಬರಿಯ ಮೋಸವೆಂದು ನಾವು ಹೇಳುವುದಿಲ್ಲ. ಸೈಬೀರಿಯದ ಎವೆಂಕಿ ಜನರ ‘ಶಾಮನ್’ ತಮಟೆಯಂತಹ ವಾದ್ಯವನ್ನು ಬಾರಿಸುತ್ತ, ಮೈಮರೆತು, ರೋಗಿಯ ಆತ್ಮವನ್ನು ಅರಸಿ ಹೊರಡುತ್ತಿದ್ದನು. ಪನಾಮಾದ ಕೂನ ಜನರಲ್ಲಿ ಹೆರಿಗೆ ಕಷ್ಟವಾದಾಗ ಹಾಡುವ ದೀರ್ಘವಾದ ಹಾಡೊಂದಿದೆ. ನಮ್ಮ ಮಲೆನಾಡಿನಲ್ಲಿ ಚೌಡಿ ಮೈಮೇಲೆ ಬಂದು ನುಡಿ ಕೊಡುತ್ತಾಳೆ. ನಂಬಿಕೆಯಿಂದ ನೋವು ತಗ್ಗುವುದುಂಟು. 1978ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು, ಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದನ್ನು ಕೊಟ್ಟಾಗ ಕೆಲವರ ನೋವು ಕಡಮೆಯಾದುದನ್ನು ಕಂಡರು. ಅಫೀಮಿನ ಪ್ರಭಾವವನ್ನು ತಡೆಯುವ ನಲಾಕ್ಸೋನನ್ನು ಕೊಟ್ಟಾಗ ಅವರ ನೋವು ಮತ್ತೆ ಹೆಚ್ಚಿತು. ದೇಹವೇ ಅಫೀಮಿನಂತಹ ವಸ್ತುವನ್ನು ಸ್ರವಿಸಿತ್ತೆಂದು ಅವರು ತರ್ಕಿಸಿದರು. ಆದರೆ ನೋವು ತಗ್ಗಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ, ಗಡ್ಡೆ ಕರಗುವುದಿಲ್ಲ.

ಹೊಡೆದು ದೆವ್ವ ಬಿಡಿಸುವ ಪದ್ಧತಿಯ ದೋಷ ಇದಕ್ಕಿಂತ ಆಳವಾದುದು. ಅಲ್ಲಿ ಏಟು ಬೀಳುವುದು ದೆವ್ವಕ್ಕೆ, ಕೂಗುವುದೂ ದೆವ್ವವೇ. ‘ಸಾಕು, ಬಿಡಿ’ ಎಂದು ರೋಗಿ ಅಂಗಲಾಚಿದರೆ, ದೆವ್ವ ಸೋಲುತ್ತಿದೆಯೆಂದು ತಿಳಿದು ಇನ್ನೂ ಬಲವಾಗಿ ಹೊಡೆಯುತ್ತಾರೆ. ಚಿಕಿತ್ಸೆ ತಪ್ಪುತ್ತಿದೆಯೆಂದು ಅರಿಯುವುದಕ್ಕೆ ಅಲ್ಲಿ ದಾರಿಯೇ ಇಲ್ಲ. ವೈದ್ಯನಿಗಾದರೋ ರೋಗಿಯ ಕೂಗೇ ಮೊದಲ ಸೂಚನೆ. ಇದು ಹಳ್ಳಿಗರ ಅಜ್ಞಾನವೆಂದು ಪಟ್ಟಣಿಗರು ನಗುವಂತಿಲ್ಲ. 1976ರಲ್ಲಿ ಜರ್ಮನಿಯ ಕ್ಲಿಂಗೆನ್‌ಬೆರ್ಗ್‌ನಲ್ಲಿ, ಅಪಸ್ಮಾರಕ್ಕೆ ಚಿಕಿತ್ಸೆ ಪಡೆದಿದ್ದ ವಿದ್ಯಾರ್ಥಿನಿಯೊಬ್ಬಳು ತಿಂಗಳುಗಟ್ಟಲೆ ನಡೆದ ಭೂತೋಚ್ಚಾಟನೆಯ ಬಳಿಕ ಆಹಾರವಿಲ್ಲದೆ ಕೃಶಳಾಗಿ ಸತ್ತಳು.

ಕರ್ನಾಟಕದ 2017ರ ಕಾಯಿದೆಯಂತೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧ. ಒಳ್ಳೆಯದೇ, ಆದರೆ ಕಾಯಿದೆ ಬರುವುದು ಏಟು ಬಿದ್ದ ಮೇಲೆ. ಶಿವಮೊಗ್ಗವೇನೂ ಮನೋವೈದ್ಯವನ್ನರಿಯದ ಊರಲ್ಲ. 2016ರಲ್ಲಿ ನಿಧನರಾದ ಡಾ. ಅಶೋಕ ಪೈಯವರು ಇಲ್ಲಿಯೇ ಬಹುಕಾಲ ರೋಗಿಗಳನ್ನು ನೋಡಿ, ಕಥೆ ಚಲನಚಿತ್ರಗಳ ಮೂಲಕವೂ ಮನೋರೋಗವನ್ನು ಜನರಿಗೆ ಪರಿಚಯಿಸಿದರು. ಆದರೂ ಎಷ್ಟೋ ಮನೆಯವರು ಮೊದಲು ಹೋಗುವುದು ಗುಡಿಗೆ. ಅಲ್ಲಿಗೆ ಹೋದವನಿಗೆ ‘ಹುಚ್ಚ’ನೆಂಬ ಹೆಸರು ಅಂಟುವುದಿಲ್ಲ.

ಹಾಗಾದರೆ ವೈದ್ಯರೇ ಗುಡಿಗೆ ಏಕೆ ಹೋಗಬಾರದು? ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಎಂಬ ಹೆಸರಿನಲ್ಲಿ ಮನೋವೈದ್ಯರು ಚಿಕಿತ್ಸಾಲಯ ತೆರೆದರು. ದರ್ಗಾದ ಮುಜಾವರರೇ ರೋಗಿಗಳನ್ನು ಅವರಲ್ಲಿಗೆ ಕಳುಹಿಸಿದರು. ಹೊಳೆಹೊನ್ನೂರಿನ ಸುತ್ತಿನ ಗುಡಿಗಳಲ್ಲಿಯೂ ಅಮಾವಾಸ್ಯೆಯ ದಿನ ವೈದ್ಯರೊಬ್ಬರು ಕುಳಿತರೆ, ಪೂಜಾರಿಯ ತಟ್ಟೆಗೆ ಬೀಳುವ ಕಾಸೇನೂ ಕಡಮೆಯಾಗದು.