ತಿರುವು ತೀರಿದ ಮೇಲೆ ಉಳಿಯುವ ಪಾತ್ರ

ಒಂದೇ ಕತೆಯನ್ನು ಎರಡು ಭಾಷೆಗಳಲ್ಲಿ ಕಂಡು, ಎರಡರ ಬಗೆಗೂ ಅಧಿಕಾರದಿಂದ ವಾದಿಸಬಲ್ಲ ಪ್ರೇಕ್ಷಕರು ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ. ಹಿಂದೂಪುರ, ಕಲ್ಯಾಣದುರ್ಗಗಳಂತಹ ಗಡಿಯ ಊರುಗಳಲ್ಲಿ ಅಂಥವರಿದ್ದಾರೆ. ಹಿಂದೂಪುರದಲ್ಲಿ ರೈಲು ಹತ್ತಿದರೆ ಗೌರಿಬಿದನೂರಿನ ಮಾರ್ಗವಾಗಿ ಬೆಂಗಳೂರು. ಕಲ್ಯಾಣದುರ್ಗದ ಸೀಮೆ ದಾಟಿದರೆ ಮೂರು ದಿಕ್ಕಿಗೂ ಆಂಧ್ರವನ್ನೇ ನೆರೆಯಾಗಿ ಪಡೆದ ಪಾವಗಡ. ಮಡಕಶಿರ, ರೊಳ್ಳ, ಅಗಳಿ, ಅಮರಾಪುರಗಳ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಇಂತಹ ನೆಲಕ್ಕೆ 2014ರಲ್ಲಿ ಒಂದು ಅಪರಾಧಕಥೆ ಮೂರೇ ವಾರಗಳ ಅಂತರದಲ್ಲಿ ಎರಡು ವೇಷಗಳಲ್ಲಿ ಬಂದಿತು. ಜೂನ್ ತಿಂಗಳಲ್ಲಿ ಪಿ. ವಾಸು ನಿರ್ದೇಶನದ ಕನ್ನಡ ‘ದೃಶ್ಯ’. ಜುಲೈಯಲ್ಲಿ ಶ್ರೀಪ್ರಿಯಾ ನಿರ್ದೇಶನದ ತೆಲುಗು ‘ದೃಶ್ಯಂ’. ಎರಡಕ್ಕೂ ಮೂಲ, 2013ರ ಡಿಸೆಂಬರಿನಲ್ಲಿ ತೆರೆಕಂಡ ಜೀತು ಜೋಸೆಫ್ ಅವರ ಮಲಯಾಳಂ ಚಿತ್ರ.

ಈ ಕತೆಯ ಕುರಿತ ವಾದ ಇಂದಿಗೂ ನಿಂತಿಲ್ಲ. ಅದು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗುತ್ತದೆ. ತಿರುವನ್ನು ಮೊದಲೇ ಊಹಿಸಿದವರು ಯಾರು, ಹೆಣ ಎಲ್ಲಿದೆಯೆಂಬುದು ಯಾವ ದೃಶ್ಯದಲ್ಲಿ ಹೊಳೆಯಬೇಕಿತ್ತು, ಎರಡನೆಯ ಭಾಗದ ತಿರುವು ಮೊದಲನೆಯದಕ್ಕಿಂತ ಮಿಗಿಲೇ ಎಂಬುದು ಒಂದು ದಾರಿ. ಕತೆ ಮುಗಿಯುವ ಹೊತ್ತಿಗೆ ಆ ಮನುಷ್ಯ ಏನಾಗಿದ್ದಾನೆ ಎಂದು ಕೇಳುವುದು ಇನ್ನೊಂದು. ಮೊದಲನೆಯದರಲ್ಲಿ ಗದ್ದಲ ಹೆಚ್ಚು. ಎರಡನೆಯದರಲ್ಲಿ ಫಲ ಹೆಚ್ಚು. ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗಳು ಮೊದಲನೆಯದನ್ನು ಸವಿದು, ಅಲ್ಲಿಯೇ ನಿಲ್ಲದೆ ಎರಡನೆಯದಕ್ಕೆ ದಾಟಬೇಕು.

‘ದೃಶ್ಯ’ದಲ್ಲಿ ಕೊಂದವರು ಯಾರೆಂಬ ಪ್ರಶ್ನೆಯೇ ಇಲ್ಲವೆಂಬುದನ್ನು ಮೊದಲು ಗಮನಿಸಬೇಕು. ಕೇಬಲ್ ಟಿ.ವಿ. ನಡೆಸುವ, ಹೆಚ್ಚು ಓದದ, ಸಿನಿಮಾ ನೋಡಿಯೇ ಲೋಕವನ್ನು ಕಲಿತ ರಾಜೇಂದ್ರ ಪೊನ್ನಪ್ಪನ ಮಗಳನ್ನು ಒಬ್ಬ ಹುಡುಗ ಕದ್ದು ಚಿತ್ರೀಕರಿಸಿ ಬೆದರಿಸುತ್ತಾನೆ. ಆತ್ಮರಕ್ಷಣೆಯ ಗಳಿಗೆಯಲ್ಲಿ ಬಿದ್ದ ಪೆಟ್ಟಿಗೆ ಅವನು ಸಾಯುತ್ತಾನೆ. ಸತ್ತವನು ಪೊಲೀಸ್ ಇಲಾಖೆಯ ಉನ್ನತಾಧಿಕಾರಿಯ ಮಗ. ಇಷ್ಟೂ ಪ್ರೇಕ್ಷಕನ ಕಣ್ಣೆದುರೇ ನಡೆಯುತ್ತದೆ. ಉಳಿದದ್ದು ಮುಚ್ಚಿಡುವ ಕತೆ. ರಾಜೇಂದ್ರ ಸಾಕ್ಷಿಗಳಿಗೆ ಲಂಚ ಕೊಡುವುದಿಲ್ಲ, ಸುಳ್ಳು ಹೇಳಿರೆಂದು ಬೇಡುವುದೂ ಇಲ್ಲ. ಮಡದಿ ಮಕ್ಕಳೊಡನೆ ಪ್ರಯಾಣ ಹೋಗಿ, ಹೋಟೆಲು, ಬಸ್ಸು, ಚಿತ್ರಮಂದಿರಗಳಲ್ಲಿ ತನ್ನನ್ನು ಕಂಡವರ ನೆನಪಿನಲ್ಲಿ ದಿನಾಂಕವನ್ನಷ್ಟೇ ಬದಲಾಯಿಸುತ್ತಾನೆ. ಅವರೆಲ್ಲ ನಂಬಿ ನುಡಿಯುವ ಸತ್ಯವಂತರು. ಅವರ ಸತ್ಯವೇ ಅವನ ಸುಳ್ಳಿಗೆ ಆಧಾರ. ಹೆಣವನ್ನು ಹೊಸದಾಗಿ ಕಟ್ಟುತ್ತಿದ್ದ ಪೊಲೀಸ್ ಠಾಣೆಯ ನೆಲದಡಿಯಲ್ಲೇ ಹೂಳಲಾಗಿದೆ ಎಂಬ ಕೊನೆಯ ತಿರುವು ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಆ ತಿರುವು ಬಾಳುವುದು ಅದು ಅನಿರೀಕ್ಷಿತವೆಂಬ ಕಾರಣಕ್ಕಲ್ಲ. ಪರರ ಕಣ್ಣು ಎಲ್ಲಿ ನೋಡುವುದಿಲ್ಲವೆಂದು ಬಲ್ಲವನು ಈ ಮನುಷ್ಯ. ನೋಡುವವರ ಕಾಲಡಿಯೇ ಅವನಿಗೆ ತಕ್ಕ ಜಾಗ. ತಿರುವು ಪಾತ್ರದ ಸ್ವಭಾವದಿಂದಲೇ ಹೊರಟಿದೆ. ಮೀಮಾಂಸಕರು ಔಚಿತ್ಯವೆಂದು ಕರೆದದ್ದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಅರಿಸ್ಟಾಟಲನೂ ಘಟನೆಗಳು ಅನಿರೀಕ್ಷಿತವಾಗಿದ್ದು, ಒಂದರಿಂದ ಒಂದು ಹುಟ್ಟಿಬಂದಾಗಲೇ ಪರಿಣಾಮ ಹೆಚ್ಚೆಂದು ಹೇಳಿದ್ದ.

ಇಲ್ಲಿಂದ ಮುಂದೆ ಕಠಿನವಾದ ಪ್ರಶ್ನೆ ಬರುತ್ತದೆ. ಮೊದಲ ಭಾಗದ ಕೊನೆಯಲ್ಲಿ ಪ್ರೇಕ್ಷಕರು ಚಪ್ಪಾಳೆ ತಟ್ಟಿದ್ದು ಯಾರಿಗೆ? ಪೊಲೀಸರು ಎಳೆಯ ಮಗಳ ಮೇಲೂ ಕೈಮಾಡಿದ ದೃಶ್ಯದ ನಂತರ ನ್ಯಾಯದ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ. ಆಮೇಲೆ ಮಗನನ್ನು ಕಳೆದುಕೊಂಡ ತಾಯಿಯ ಅಳಲು ಕಿವಿಗೆ ಬೀಳುವುದು ಕಷ್ಟ. ಆದರೂ ಆ ತಾಯಿಯ ಪಾತ್ರವೇ ಇಡೀ ಚಿತ್ರದಲ್ಲಿ ಅತ್ಯಂತ ದೂರ ನಡೆದು ಬಂದ ಪಾತ್ರ. ಅಧಿಕಾರದ ದರ್ಪದಿಂದ ಒಂದು ಸಂಸಾರವನ್ನು ಹಿಂಡಿದವಳು, ಸಮವಸ್ತ್ರ ಕಳಚಿಟ್ಟು, ಮಗ ಬದುಕಿದ್ದಾನೆಯೇ ಎಂಬುದೊಂದನ್ನು ತಿಳಿಯಲು ಅದೇ ಸಂಸಾರದ ಯಜಮಾನನ ಮುಂದೆ ಬಂದು ನಿಲ್ಲುತ್ತಾಳೆ. ಕನ್ನಡದಲ್ಲಿ ಆಶಾ ಶರತ್, ತೆಲುಗಿನಲ್ಲಿ ನದಿಯಾ ಈ ಪಾತ್ರವನ್ನು ನಿರ್ವಹಿಸಿದರು. ಎರಡನ್ನೂ ನೋಡಿದವರು ಯಾರ ಅಭಿನಯ ಮೇಲೆಂದು ವಾದಿಸುತ್ತಾರೆ. ಅವಳ ದುಃಖಕ್ಕೆ ಉತ್ತರ ಹೇಳಬೇಕಾದವರು ಯಾರೆಂದು ಕೇಳುವವರು ವಿರಳ.

ಇದಕ್ಕೆ ತಾರೆಯರ ವರ್ಚಸ್ಸೂ ಒಂದು ಕಾರಣ. 1987ರ ‘ಪ್ರೇಮಲೋಕ’ದಿಂದ ಪ್ರೇಮಿಯಾಗಿ ಮನೆಮನೆಗೆ ಬಂದ ರವಿಚಂದ್ರನ್, ತೆಲುಗಿನ ಕುಟುಂಬಚಿತ್ರಗಳ ಒಡನಾಡಿಯಾದ ವೆಂಕಟೇಶ್: ಇವರು ತೆರೆಯ ಮೇಲೆ ಬರುವ ಮೊದಲೇ ಕ್ಷಮೆ ಸಿದ್ಧವಾಗಿರುತ್ತದೆ. ಅಭಿಮಾನ ತಪ್ಪಲ್ಲ. ಆದರೆ ನಟನ ಚರಿತ್ರೆ ಪಾತ್ರದ ಚರಿತ್ರೆಯನ್ನು ಮರೆಮಾಡಿದಾಗ ವಿಮರ್ಶೆ ನಿಂತುಹೋಗುತ್ತದೆ. ಒಂದೇ ಕೃತ್ಯವನ್ನು ಇಬ್ಬರು ನಟರಲ್ಲಿ ಕಂಡ ಗಡಿನಾಡಿನ ಪ್ರೇಕ್ಷಕನಿಗೆ ಇಲ್ಲೊಂದು ಅನುಕೂಲವಿದೆ. ಇಬ್ಬರನ್ನೂ ಬದಿಗಿರಿಸಿ ಉಳಿಯುವುದೇನೆಂದು ಅವನು ನೋಡಬಲ್ಲ. ಕಲ್ಯಾಣದುರ್ಗ ಸೀಮೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಜನಿಸಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಬೋಧಿಸಿ, ಕನ್ನಡದಲ್ಲಿಯೂ ಬರೆದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರಂತಹ ವಿದ್ವಾಂಸರನ್ನು ಈ ನೆಲ ಕೊಟ್ಟಿದೆ. ಎರಡು ಭಾಷೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಇಲ್ಲಿಗೆ ಹೊಸ ವಿದ್ಯೆಯಲ್ಲ.

2021ರಲ್ಲಿ ಎರಡನೆಯ ಭಾಗ ಬಂದಾಗ ವಾದ ಇನ್ನಷ್ಟು ಬಿಗಿಯಾಯಿತು. ವರ್ಷಗಳು ಕಳೆದಿವೆ. ನಾಯಕ ಈಗ ಚಿತ್ರಮಂದಿರದ ಒಡೆಯ, ಕುಡಿಯುತ್ತಾನೆ, ಸಿನಿಮಾ ತೆಗೆಯುವ ಹುಚ್ಚು ಹಿಡಿದಿದೆ. ಅಂದು ಅವನ ಪರ ನಿಂತ ಊರು ಇಂದು ಬೆನ್ನ ಹಿಂದೆ ಆಡಿಕೊಳ್ಳುತ್ತದೆ. ಹಿರಿಯ ಮಗಳಿಗೆ ಪೊಲೀಸರ ನೆರಳು ಕಂಡರೂ ಮೈನಡುಗುತ್ತದೆ. ಪಾತ್ರವಿಕಾಸವೆಂದರೆ ಇದೇ ಎಂದು ಪ್ರೇಕ್ಷಕ ತಲೆದೂಗುವಷ್ಟರಲ್ಲಿ ತಿರುವು ಎರಗುತ್ತದೆ. ಕುಡಿತದ ಸ್ನೇಹವೂ ಸಿನಿಮಾದ ಹುಚ್ಚೂ ಬಹುಪಾಲು ಉಪಾಯಗಳೇ; ಠಾಣೆಯ ಕೆಳಗಿನ ಮೂಳೆಗಳನ್ನು ಅವನು ಎಂದೋ ಸ್ಥಳಾಂತರಿಸಿದ್ದಾನೆ, ಪರೀಕ್ಷೆಗೆ ಹೋದ ಮೂಳೆಗಳೂ ಬದಲಾಗಿವೆ. ಇದನ್ನು ಮೆಚ್ಚುವವರು ಅವನ ಮುಂದಾಲೋಚನೆಗೆ ಬೆರಗಾಗುತ್ತಾರೆ. ಆಕ್ಷೇಪಿಸುವವರ ವಾದವೂ ಹಗುರವಾದುದಲ್ಲ: ಅವನ ಪತನವೆಲ್ಲ ನಟನೆಯಾಗಿದ್ದರೆ ಅವನು ಬದಲಾದದ್ದು ಯಾವಾಗ? ತಿರುವು ಪಾತ್ರವನ್ನು ನುಂಗಿತಲ್ಲವೇ?

ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ನಾಯಕನ ಮಟ್ಟಿಗೆ ಎರಡನೆಯ ಭಾಗವು ಅವನನ್ನು ಮನುಷ್ಯನಿಗಿಂತ ಯಂತ್ರಕ್ಕೆ ಹತ್ತಿರವಾಗಿಸುತ್ತದೆ. ಆದರೆ ಮಡದಿಯ ನಿದ್ದೆಗೆಟ್ಟ ರಾತ್ರಿಗಳು, ಮಗಳ ಕಾಯಿಲೆ ನಟನೆಯಲ್ಲ. ಉಪಾಯ ಅವನದು, ಬೆಲೆ ತೆತ್ತವರು ಅವರು. ಕೊನೆಗೆ ಮೃತನ ಅಸ್ಥಿಯನ್ನು ಅವನ ಹೆತ್ತವರ ಕೈ ಸೇರಿಸುವ ಒಂದು ಪುಟ್ಟ ಕೃತ್ಯದಲ್ಲಿ ಮಾತ್ರ ನಾಯಕ ಲೆಕ್ಕಾಚಾರವನ್ನು ಮೀರುತ್ತಾನೆ. ಅದರಿಂದ ಅವನಿಗೆ ಲಾಭವಿಲ್ಲ. ಒಬ್ಬ ತಂದೆ ಇನ್ನೊಬ್ಬ ತಂದೆಯ ಋಣವನ್ನು ಅಷ್ಟರಮಟ್ಟಿಗೆ ಒಪ್ಪಿಕೊಂಡದ್ದಕ್ಕೆ ಅದು ಸಾಕ್ಷಿ. ತಿರುವುಗಳ ಸಂಭ್ರಮದಲ್ಲಿ ಈ ದೃಶ್ಯವನ್ನು ಚರ್ಚಿಸದೆ ಹೋದರೆ ಚಿತ್ರದ ಜೀವಾಳವನ್ನೇ ಬಿಟ್ಟಂತೆ.

ಕನ್ನಡ ವಿದ್ಯಾರ್ಥಿಗೆ ಈ ಬಗೆಯ ಕತೆ ಹೊಸದೇನಲ್ಲ. ಜನ್ನನ ‘ಯಶೋಧರ ಚರಿತೆ’ 1209ರಲ್ಲಿ ರಚಿತವಾದ ಕಾವ್ಯ. ಅದೂ ಒಂದು ಅಪರಾಧದ ಕತೆ. ವಾದಿರಾಜನ ಸಂಸ್ಕೃತ ಕೃತಿಯ ಜಾಡಿನಲ್ಲಿ ಬಂದದ್ದರಿಂದ ಅದೂ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಮರುಹುಟ್ಟು ಪಡೆದದ್ದೇ. ರಾಣಿ ಅಮೃತಮತಿ ಮಾವಟಿಗನ ಹಾಡಿಗೆ ಮನಸೋಲುತ್ತಾಳೆ. ರಾತ್ರಿ ಅವಳ ಬೆನ್ನುಹತ್ತಿದ ಯಶೋಧರ ಕತ್ತಿ ಹಿರಿದವನು ತಡೆದುಕೊಳ್ಳುತ್ತಾನೆ. ತಾಯಿಯ ಒತ್ತಾಯಕ್ಕೆ ಮಣಿದು, ಜೀವಬಲಿಯ ಬದಲಿಗೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಕಡಿದಾಗ ಹುಂಜ ಕೂಗುತ್ತದೆ. ಬಳಿಕ ತಾಯಿ ಮಗ ಇಬ್ಬರೂ ಅಮೃತಮತಿಯಿಟ್ಟ ವಿಷಕ್ಕೆ ಬಲಿಯಾಗಿ, ಜನ್ಮಜನ್ಮಾಂತರಗಳಲ್ಲಿ ಬೇಯುತ್ತಾರೆ.

ಇಲ್ಲಿ ತಿರುವುಗಳಿಗೆ ಕೊರತೆಯಿಲ್ಲ. ಆದರೂ ಈ ಕತೆಯ ಅಂತ್ಯವನ್ನು ಮೊದಲೇ ಬಲ್ಲವರೇ ತಲೆಮಾರುಗಳಿಂದ ಇದನ್ನು ಓದುತ್ತ, ಕೇಳುತ್ತ ಬಂದಿದ್ದಾರೆ. ‘ಕತೆ ಹೇಳಿಬಿಡಬೇಡ’ ಎಂಬ ಇಂದಿನ ಕಳವಳ ಅವರಿಗಿರಲಿಲ್ಲ. ಅವರನ್ನು ಹಿಡಿದಿಟ್ಟದ್ದು ಬೇರೆ ಪ್ರಶ್ನೆಗಳು. ನಿಜವಾದ ಕೊಲೆಗೆ ಎತ್ತಿದ ಕತ್ತಿಯನ್ನು ತಡೆದವನು ಹಿಟ್ಟಿನ ಹುಂಜದ ಮೇಲೆ ಅದನ್ನು ಇಳಿಸಿದ್ದೇಕೆ? ಒಳಗೆ ಅದುಮಿಟ್ಟ ಹಿಂಸೆ ಬೇರೊಂದು ದಾರಿ ಹುಡುಕಿಕೊಂಡಿತೇ? ಕೃತ್ಯ ನಡೆಯದಿದ್ದರೂ ಸಂಕಲ್ಪವೇ ಪಾಪವೆಂದಾದರೆ, ಕೊಲ್ಲದೆ ಹೂತವನ ಪಾಲೆಷ್ಟು? ಅಮೃತಮತಿಯನ್ನು ಕೇವಲ ದುಷ್ಟೆಯೆಂದು ಕರೆದು ಮುಗಿಸಬಹುದೇ? ಈ ಕತೆಯ ವಸ್ತುವನ್ನೇ ಎತ್ತಿಕೊಂಡು ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ಬರೆಯಲು ಸಾಧ್ಯವಾದದ್ದು ಆ ಪ್ರಶ್ನೆಗಳು ತೀರದೆ ಉಳಿದಿದ್ದರಿಂದ.

ಹಿಂದೂಪುರದವರು ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ, ವೀರಭದ್ರ ದೇಗುಲದ ಗೋಡೆಯ ಬಳಿ, ಒಂದು ಅಪರಾಧಕಥೆಯನ್ನು ಇಂದಿಗೂ ಹೇಳುತ್ತಾರೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಭಂಡಾರದ ಅಧಿಕಾರಿಯಾಗಿದ್ದ ವಿರೂಪಣ್ಣ ಅರಸನ ಅಪ್ಪಣೆಯಿಲ್ಲದೆ ಬೊಕ್ಕಸದ ಹಣದಿಂದ ಗುಡಿ ಕಟ್ಟಿಸಿದನಂತೆ. ಕಣ್ಣು ಕೀಳಿಸುವ ಶಿಕ್ಷೆಯ ಸುದ್ದಿ ತಿಳಿದು, ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಕೆಂಪು ಕಲೆಗಳನ್ನೂ ಪೂರ್ಣಗೊಳ್ಳದ ಕಲ್ಯಾಣಮಂಟಪವನ್ನೂ ಆ ಐತಿಹ್ಯಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಇದು ಇತಿಹಾಸವೆನ್ನುವಂತಿಲ್ಲ, ಜನರು ಕಾಪಾಡಿಕೊಂಡು ಬಂದ ಕತೆ. ಆದರೆ ಕೇಳಿದವರು ಸುಮ್ಮನಿರುವುದಿಲ್ಲ. ಅವನು ಕಳ್ಳನೋ ಭಕ್ತನೋ? ಶಿಕ್ಷೆಯನ್ನು ತಾನೇ ವಿಧಿಸಿಕೊಂಡದ್ದು ಅಪರಾಧದ ಒಪ್ಪಿಗೆಯೋ, ಅರಸನ ನ್ಯಾಯಕ್ಕೆ ಧಿಕ್ಕಾರವೋ? ತಿರುವು ಎಲ್ಲರಿಗೂ ಗೊತ್ತು. ಮನುಷ್ಯ ಯಾರಿಗೂ ಪೂರ್ತಿ ಗೊತ್ತಿಲ್ಲ. ಆದುದರಿಂದಲೇ ಕತೆ ಬದುಕಿದೆ.

ಹೀಗೆ ನೋಡಿದಾಗ, ಅಪರಾಧಕಥೆಯ ಅಭಿಮಾನಿಗಳ ವಾದವನ್ನು ಕಾಲಹರಣವೆಂದು ತಳ್ಳಿಹಾಕುವುದು ಅಧ್ಯಾಪಕ ವರ್ಗದ ತಪ್ಪಾದೀತು. ಪೂರ್ವಸೂಚನೆ ಎಲ್ಲಿದೆ, ಈ ನಡತೆ ಈ ಪಾತ್ರಕ್ಕೆ ಒಪ್ಪುತ್ತದೆಯೇ, ಅಂತ್ಯ ನ್ಯಾಯವಾದುದೇ ಎಂದು ಜಗಳವಾಡುವವರು ಹೆಸರರಿಯದೆ ಕಾವ್ಯಮೀಮಾಂಸೆಯನ್ನೇ ಮಾಡುತ್ತಿದ್ದಾರೆ. ತರಗತಿಯಲ್ಲಿ ಸಂಧಿ, ಔಚಿತ್ಯಗಳ ಪಾಠಕ್ಕೆ ಅವರ ಜಗಳವೇ ಒಳ್ಳೆಯ ಪೀಠಿಕೆಯಾಗಬಲ್ಲದು. ಅಂತೆಯೇ ತಿರುವನ್ನು ಊಹಿಸಿದ ಜಾಣತನದಲ್ಲಿಯೇ ತೃಪ್ತನಾಗುವುದು ವಿದ್ಯಾರ್ಥಿಯ ತಪ್ಪಾದೀತು. ಊಹಿಸುವವನಿಗೆ ಒಂದು ನೋಟ ಸಾಕು; ಪಾತ್ರವನ್ನು ಅರಿಯಲು ಎರಡನೆಯ ನೋಟ ಬೇಕು. ಕೊನೆ ತಿಳಿದ ಮೇಲೂ ಮತ್ತೊಮ್ಮೆ ನೋಡಬೇಕೆನಿಸುವ, ನೋಡಿದಾಗ ಮೊದಲು ಚಪ್ಪಾಳೆ ತಟ್ಟಿದ ಕಡೆ ಕೈ ತಡೆಯುವಂತೆ ಮಾಡುವ ಕತೆಯೇ ಗಟ್ಟಿ ಕತೆ.

ಜನ್ನನ ಕಾವ್ಯದಲ್ಲಿ ಯಶೋಧರನ ಕತೆಯನ್ನು ಹೇಳುವವನು ಬಲಿಗೆಂದು ಹಿಡಿದು ತಂದ ಬಾಲಕ ಅಭಯರುಚಿ. ಕೇಳುವವನು ಅವನನ್ನು ಕಡಿಯಲು ನಿಂತ ಅರಸ ಮಾರಿದತ್ತ. ಕತೆ ಮುಗಿದಾಗ ಮಾರಿದತ್ತನ ಕೈಯ ಕತ್ತಿ ಕೆಳಗಿಳಿಯುತ್ತದೆ. ಅಪರಾಧದ ಕತೆ ಕೇಳಿ ಬದಲಾಗಬೇಕಾದ ಪಾತ್ರ ಕತೆಯ ಒಳಗೆ ಮಾತ್ರವಿಲ್ಲ, ಎದುರಿಗೂ ಕುಳಿತಿದೆ ಎಂಬುದನ್ನು ಎಂಟು ಶತಮಾನಗಳ ಹಿಂದೆಯೇ ಕನ್ನಡ ಕವಿ ಕಂಡಿದ್ದ. ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ, ಚಿತ್ರ ಮುಗಿದು ದೀಪ ಹತ್ತಿದ ಮೇಲೆ ನಡೆಯುವ ವಾದ ಈ ಪ್ರಶ್ನೆಯವರೆಗೆ ಬಂದರೆ ಅದು ಸಾರ್ಥಕ.